ಮಣ್ಣು ಮಾಡಿದ ಜಾಗ ನೋಡದ ತಾಯಿಗೊಂದು ತೋಟ

ನಮಸ್ಕಾರ. ಹೊಟ್ಟೆಯಲ್ಲೇ ಹೋದ ಕೂಸುಗಳು, ಹುಟ್ಟಿ ಒಂದೆರಡು ದಿನಕ್ಕೇ ಕಣ್ಣು ಮುಚ್ಚಿದ ಕೂಸುಗಳು. ಅವುಗಳ ನೆನಪಿಗೆ ಹೆರಿಗೆ ಆಸ್ಪತ್ರೆಯ ಆವರಣದಲ್ಲೇ ಒಂದು ಸಣ್ಣ ತೋಟ ಇರಬೇಕು ಅನ್ನೋದು ಇವತ್ತಿನ ಮಾತು.

ನಮ್ಮ ಕಡೆ ಹಸುಗೂಸನ್ನ ಸಾಮಾನ್ಯವಾಗಿ ಸುಡೋದಿಲ್ಲ, ಹೂಳ್ತಾರೆ. ಬಟ್ಟೆಯಲ್ಲಿ ಸುತ್ತಿ ಅಪ್ಪನೋ ಸೋದರಮಾವನೋ ಎತ್ತಿಕೊಂಡು ಹೋಗ್ತಾರೆ. ಆ ಹೊತ್ತಿಗೆ ತಾಯಿ ವಾರ್ಡಿನಲ್ಲಿ ಮಲಗಿರ್ತಾಳೆ, ಕೈಗೆ ಡ್ರಿಪ್ ಹಾಕಿರುತ್ತೆ. ಎಲ್ಲಿ ಮಣ್ಣು ಮಾಡಿದ್ರು ಅಂತ ಕೇಳಿದ್ರೆ, "ಅದನ್ನೆಲ್ಲ ಯೋಚಿಸಬೇಡ, ಇನ್ನೊಂದಾಗುತ್ತೆ" ಅಂತಾರೆ. ಬಹಳ ಮುಂಚೆಯೇ ಗರ್ಭ ಹೋದವಳಿಗಂತೂ ಮಣ್ಣು ಮಾಡಿದ ಜಾಗ ಅಂತಲೇ ಇರೋದಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಬದುಕುವ ಹಂತಕ್ಕೆ ಬಾರದ ಭ್ರೂಣ ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೆ ಹೋಗುತ್ತೆ. ಸೋಂಕಿನ ದೃಷ್ಟಿಯಿಂದ ನಿಯಮ ಸರಿ ಇರಬಹುದು. ಆದ್ರೆ ಆ ತಾಯಿ ಹೋಗಿ ಕೂತು ಅಳೋದು ಎಲ್ಲಿ?

ಈ ತೋಟ ಅವಳಿಗೆ. ಹಾಗಾಗಿ ಇದರ ಪ್ರತಿ ಅಳತೆಯನ್ನೂ ಅವಳ ಮೈಯಿಂದ, ಅವಳ ಹೆಜ್ಜೆಯಿಂದಲೇ ತೆಗೀಬೇಕು. 20 ಅಡಿಗೆ 30 ಅಡಿ ಜಾಗ ಸಾಕು. ಬಾಣಂತಿಯರ ವಾರ್ಡಿನಿಂದ ನಿಧಾನಕ್ಕೆ ನಡೆದು ಬರುವಷ್ಟು ಹತ್ತಿರ ಇರಲಿ, ಆದ್ರೆ ಬೇರೆ ಕೂಸುಗಳ ಅಳು ಕೇಳುವಷ್ಟು ಹತ್ತಿರ ಬೇಡ. ಶವಾಗಾರದ ಪಕ್ಕ, ಜನರೇಟರ್ ಪಕ್ಕ ಖಂಡಿತ ಬೇಡ. ಈಗಾಗಲೇ ಹೊಂಗೆಯೋ ಬೇವೋ ಬೆಳೆದು ನಿಂತಿರೋ ಜಾಗವನ್ನೇ ಹುಡುಕಿ. ಹೊಸ ಗಿಡ ನೆರಳು ಕೊಡೋಕೆ ವರ್ಷಗಳೇ ಬೇಕು, ಇವಳು ಬರೋದು ನಾಳೆ.

ದಾರಿ 5 ಅಡಿ ಅಗಲ ಇದ್ರೆ ಗಾಲಿಕುರ್ಚಿ ತಿರುಗುತ್ತೆ. ಇಳಿಜಾರು 12 ಅಡಿಗೆ 1 ಅಡಿ ಮೀರಬಾರದು. ಜಲ್ಲಿ ಹಾಸಬೇಡಿ, ಚಕ್ರ ಹೂತುಕೊಳ್ಳುತ್ತೆ. ನುಣುಪು ಗ್ರಾನೈಟ್ ಮಳೆಗೆ ಜಾರುತ್ತೆ, ಒರಟಾಗಿ ಕೆತ್ತಿದ ಸಾದರಹಳ್ಳಿ ಕಲ್ಲು ಒಳ್ಳೇದು.

ಎಲ್ಲಕ್ಕಿಂತ ಹೆಚ್ಚು ಜನ ತಪ್ಪೋದು ಬೆಂಚಿನ ವಿಷಯದಲ್ಲಿ. ಎರಡು ಕಂಬದ ಮೇಲೆ ಒಂದು ಚಪ್ಪಡಿ ಇಟ್ಟು ಮುಗಿಸ್ತಾರೆ. ಸಿಸೇರಿಯನ್ ಆದವಳು ಎರಡೂ ಕೈ ಊರದೆ ಮೇಲೇಳೋಕೆ ಆಗಲ್ಲ. ಹೊಟ್ಟೆ ಬಿಗಿದ ಕೂಡಲೇ ಹೊಲಿಗೆ ಎಳೆಯುತ್ತೆ. ಅದಕ್ಕೆ ಕೂರೋ ಎತ್ತರ 18 ಇಂಚು, ಒರಗೋಕೆ ಬೆನ್ನು, ಎರಡೂ ಬದಿ ಕೈಯಾಸರೆ. ಉದ್ದ 5 ಅಡಿ, ಯಾಕಂದ್ರೆ ಪಕ್ಕದಲ್ಲಿ ಅವಳ ಅವ್ವನೂ ಕೂರಬೇಕು. ಕಪ್ಪು ಕಲ್ಲು ಮಧ್ಯಾಹ್ನ ಕಾದ ಹೆಂಚಾಗುತ್ತೆ, ಅದು ಬೇಡ.

ಇನ್ನು ಗಿಡ. ಒಂದೊಂದು ಕೂಸಿನ ಹೆಸರಲ್ಲಿ ಒಂದೊಂದು ಸಸಿ ನೆಡೋಣ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ದಯವಿಟ್ಟು ಬೇಡ. ಏಪ್ರಿಲ್ ಬಿಸಿಲಿಗೆ ಎಷ್ಟೋ ಸಸಿ ಒಣಗ್ತವೆ. ವರ್ಷದ ಮೇಲೆ ಬಂದ ತಾಯಿಗೆ ಚೀಟಿ ಕಟ್ಟಿದ ಒಣಕಡ್ಡಿ ಕಾಣಬಾರದು. ಎಲ್ಲರದೂ ಆಗಿರುವ ಒಂದೇ ಮರ ಇರಲಿ, ಅದು ಪಾರಿಜಾತ ಆಗಿರಲಿ. ಸಂಜೆ ಅರಳಿ ಬೆಳಗಿನ ಜಾವಕ್ಕೆ ತಾನಾಗಿ ಉದುರುತ್ತೆ, ನೆಲದಿಂದ ಆಯ್ದರೂ ದೇವರಿಗೆ ಸಲ್ಲುತ್ತೆ ಅಂತ ನಮ್ಮ ಹಿರಿಯರು ಬಿಟ್ಟಿರೋ ಹೂವು. ಜೂನ್ ಮಳೆ ಹಿಡಿದ ಮೇಲೆ 2 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಕೆಂಪು ಮಣ್ಣು, ಮರಳು, ಕಳಿತ ಗೊಬ್ಬರ ಸಮಸಮ ಬೆರೆಸಿ ನೆಡಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತೆ. ಎರೆಮಣ್ಣಿನ ಊರಾದ್ರೆ ಒಂದಡಿ ಏರು ಮಾಡಿ ನೆಡಬೇಕು. ಸುತ್ತ ನಂದಿಬಟ್ಟಲು, ಮಲ್ಲಿಗೆ ಸಾಕು. ಕಣಗಿಲೆ ಬೇಡ, ಅದರ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ, ಜೊತೆಗೆ ಬಂದ ಮಕ್ಕಳು ಬಾಯಿಗಿಡ್ತಾರೆ. ಕೊಳವೂ ಬೇಡ. ನಿಂತ ನೀರಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತೆ, ಅದೂ ಆಸ್ಪತ್ರೆಯೊಳಗೆ.

ಹೆಸರಿನ ಫಲಕಕ್ಕಿಂತ ಕಲ್ಲು ಒಳ್ಳೇದು. ಅಂಗೈಯಲ್ಲಿ ಹಿಡಿಸುವ ನುಣುಪು ಹೊಳೆಗಲ್ಲು. ಒಂದು ಬುಟ್ಟಿ ತುಂಬಾ ವಾರ್ಡಿನ ಸಿಸ್ಟರ್ ಹತ್ತಿರ ಇರಲಿ, ಬೇಕು ಅಂದವಳು ಒಂದು ಆರಿಸ್ಕೊಳ್ಳಲಿ. ಅದನ್ನ ಇಡುವ ತೊಟ್ಟಿ ನೆಲದಿಂದ 30 ಇಂಚು ಎತ್ತರ ಇರಬೇಕು. ಬಗ್ಗಿ ಇಡೋ ಸ್ಥಿತಿಯಲ್ಲಿ ಅವಳಿರಲ್ಲ. ಕಲ್ಲಿನ ಮೇಲೆ ಏನು ಬರೀಬೇಕು? ತೊಟ್ಟಿಲಿಗೆ ಹಾಕೋ ಮೊದಲೇ ಹೋದ ಕೂಸಿಗೆ ಹೆಸರೇ ಇರಲ್ಲ. ದಿನಾಂಕ ಸಾಕು, ಅದೂ ಬೇಡ ಅಂದ್ರೆ ಖಾಲಿ ಕಲ್ಲು. ಮಾರ್ಕರ್ ಪೆನ್ನಿನ ಬರಹ ಒಂದು ಬೇಸಿಗೆಗೆ ಮಾಸುತ್ತೆ, ನುಣುಪು ಕಲ್ಲಿಗೆ ಬಣ್ಣ ಹಿಡಿಯದೆ ಸಿಪ್ಪೆ ಏಳುತ್ತೆ. ಬರೆಸಲೇಬೇಕು ಅನ್ನೋರಿಗೆ ಕಲ್ಲು ಕೆತ್ತುವವರಿಂದ 2 ಮಿಲಿಮೀಟರ್ ಆಳ ಕೊರೆಸಿ ಬಣ್ಣ ತುಂಬಿಸಿ.

ಯಾವ ದೇವರ ಮೂರ್ತಿಯೂ ಬೇಡ, ಎಲ್ಲ ಮತದ ತಾಯಂದಿರೂ ಬರ್ತಾರೆ. ದಾನಿಗಳ ಹೆಸರಿನ ಫಲಕವನ್ನ ಆಡಳಿತ ಕಚೇರಿಯ ಗೋಡೆಗೆ ಹಾಕಿ, ತೋಟದಲ್ಲಿ ಬೇಡ. ದೀಪ ಹಚ್ಚೋಕೆ ಗೋಡೆಯಲ್ಲಿ ಒಂದು ಗೂಡು ಇರಲಿ. ಅಕ್ಟೋಬರ್ 15ರ ಸಂಜೆ 7ಕ್ಕೆ ಎಷ್ಟೋ ದೇಶಗಳಲ್ಲಿ ಇಂಥ ಕೂಸುಗಳ ಹೆಸರಲ್ಲಿ ದೀಪ ಹಚ್ತಾರೆ, ಇಲ್ಲೂ ಹಚ್ಚಬಹುದು. ನೀರು, ಕಸ, ಮಾಲಿಯ ಸಂಬಳ, ಇವೆಲ್ಲ ಸರ್ಕಾರಿ ಆಸ್ಪತ್ರೆಯ ಉಸ್ತುವಾರಿ ನೋಡೋ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಮೊದಲೇ ತೀರ್ಮಾನ ಆಗಲಿ. ಇಲ್ಲಾಂದ್ರೆ ವರ್ಷ ತುಂಬೋದ್ರೊಳಗೆ ಅಲ್ಲಿ ಬೈಕ್ ನಿಲ್ತವೆ.

ಕೊನೆಗೆ ಗೇಟು. ಮನೆಗೆ ಹೋದವಳು ಮತ್ತೆ ಬರ್ತಾಳೆ, ತಿಂಗಳಿಗೋ ವರ್ಷಕ್ಕೋ. ಹೆರಿಗೆ ವಾರ್ಡು ದಾಟದೆ ರಸ್ತೆಯಿಂದ ನೇರ ಒಳಗೆ ಬರೋ ಬಾಗಿಲು ಬೇಕು. ಅಲ್ಲಿ ಸೆಕ್ಯುರಿಟಿಯವರು "ಯಾರನ್ನ ನೋಡೋಕೆ ಬಂದ್ರಿ?" ಅಂತ ಕೇಳಿದ್ರೆ ಅವಳು ಏನು ಹೇಳಬೇಕು? "ತೋಟಕ್ಕೆ" ಅಂದ್ರೆ ಸಾಕು ಅಂತ ಅವರಿಗೆ ಮೊದಲೇ ತಿಳಿಸಿರಿ. ರಿಜಿಸ್ಟರಿನಲ್ಲಿ ಹೆಸರು ಬರೆಸೋದೂ ಬೇಡ. ಬೆಳಗ್ಗೆ 6ಕ್ಕೆ ಬಾಗಿಲು ತೆರೀಲಿ. ಮರದ ಬುಡ ಗುಡಿಸೋ ಅಮ್ಮನಿಗೂ ಒಂದು ಮಾತು ಹೇಳಿ, 10 ಗಂಟೆವರೆಗೆ ಆ ಹೂವು ಅಲ್ಲೇ ಇರಲಿ ಅಂತ.