ನಾಯಿ ಬಾಯಿ ಕಟ್ಟಿ ಓಡಿಸ್ಬೇಡ್ರಿ

ನಮಸ್ಕಾರ್ರಿ, ದಾವಣಗೆರೆಯಿಂದ ಮತ್ತೆ ನಾನೇ. ಇವತ್ತು ಬೆಣ್ಣೆದೋಸೆ ವಿಡಿಯೋ ಹಾಕ್ತೀನಿ ಅಂದಿದ್ದೆ, ಅದು ನಾಳೆ. ಇವತ್ತು ತಲೆ ಕೆಟ್ಟಿದೆ.

ಮೊನ್ನೆ ಬೆಳಿಗ್ಗೆ ಹತ್ತೂವರೆಗೆ ಕುಂದುವಾಡ ಕೆರೆ ಕಡೆಯಿಂದ ಬರ್ತಿದ್ದೆ. ಒಬ್ಬ ಹುಡುಗ ಸ್ಕೂಟರ್ ಮೇಲೆ, ಹಿಂದೆ ಹಗ್ಗದಲ್ಲಿ ನಾಯಿ ಓಡ್ತಿದೆ. ಯಾರಿಗೂ ಕಚ್ಚಬಾರ್ದು ಅಂತ ಮೂತಿಗೆ ಬಟ್ಟೆ ಪಟ್ಟಿ ಸುತ್ತಿ ಬಿಗಿದಿದ್ದಾನೆ. ನಾಲಿಗೆ ತುದಿ ಹಲ್ಲಿನ ಸಂದಿಯಲ್ಲಿ ಸಿಕ್ಕಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಡ್ಡ ನಿಂತು ಬಿಚ್ಚಿಸಿದೆ. ಅದನ್ನ ಇಲ್ಲಿ ಹೇಳಿದ್ದಕ್ಕೆ ಒಬ್ರು ಕಾಮೆಂಟ್ ಹಾಕಿದಾರೆ: 'ಅಣ್ಣ, ಜಿಂಕೆ ಬಿಸಿಲಲ್ಲಿ ಓಡಲ್ವಾ? ನಾಯಿಗೆ ಯಾಕೆ ಇಷ್ಟು ನಾಜೂಕು?'

ನೋಡ್ರಪ್ಪ. ಓಡುವಾಗ ಸ್ನಾಯು ಸುಡೋ ಶಕ್ತಿಯಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಭಾಗ ಬರೀ ಬಿಸಿಯಾಗುತ್ತೆ. ನಮಗೆ ಮೈತುಂಬ ಬೆವರು. ಒಂದು ಲೀಟರ್ ಬೆವರು ಆವಿಯಾದ್ರೆ ಸುಮಾರು 580 ಕಿಲೋಕ್ಯಾಲರಿ ಬಿಸಿ ಮೈಯಿಂದ ಹೋಗುತ್ತೆ. ನಾಯಿಗೆ ಬೆವರು ಅಂಗಾಲಲ್ಲಿ ಮಾತ್ರ, ಅದು ಯಾವ ಲೆಕ್ಕಕ್ಕೂ ಇಲ್ಲ. ಅದರ ಬೆವರೆಲ್ಲ ನಾಲಿಗೆ ಮೇಲಿದೆ. ನಿಮಿಷಕ್ಕೆ 300 ಸಲದವರೆಗೂ ತೇಕಿ, ನಾಲಿಗೆ, ಮೂಗಿನ ತೇವ ಆರಿಸಿಕೊಂಡು ತಣ್ಣಗಾಗುತ್ತೆ. ಆ ಬಾಯಿ ಕಟ್ಟಿದ್ರೆ? ಕುದಿಯೋ ಕುಕ್ಕರಿನ ಸೀಟಿ ಅದುಮಿ ಹಿಡಿದ ಹಾಗೆ.

ಇನ್ನು ಜಿಂಕೆ ಮಾತು. ಆಫ್ರಿಕಾದ ಗೆಜೆಲ್ ಥರದ ಹುಲ್ಲೆಗಳ ಮೆದುಳಿನ ಬುಡದಲ್ಲಿ ಸಣ್ಣ ರಕ್ತನಾಳಗಳ ಬಲೆ ಇದೆ. ಮೂಗಲ್ಲಿ ತಣ್ಣಗಾದ ರಕ್ತ ಅಲ್ಲಿಗೆ ಬಂದು, ಮೆದುಳಿಗೆ ಹೋಗೋ ಬಿಸಿ ರಕ್ತವನ್ನ ತಣಿಸುತ್ತೆ. 1972ರಲ್ಲಿ ಟೇಲರ್, ಲೈಮನ್ ಅನ್ನೋ ವಿಜ್ಞಾನಿಗಳು ಗೆಜೆಲ್ ಓಡಿಸಿ ಅಳೆದ್ರು: ಮೆದುಳು ಆ ಬಿಸಿ ರಕ್ತಕ್ಕಿಂತ 2.7 ಡಿಗ್ರಿ ತಂಪು! ನಮ್ಮ ಚಳ್ಳಕೆರೆ ಕಡೆ ಕುರಿ, ಆಡಿಗೂ ಆ ಬಲೆ ಇದೆ. ನಾಯಿಗೆ ಅಂಥ ಬಲೆ ಇಲ್ಲ. ಅದು ಮೆದುಳು ಕಾಯ್ಕೊಳ್ಳೋದೂ ಮೂಗು, ಬಾಯಿ ತಣ್ಣಗಾಗೋದ್ರ ಮೇಲೇ ನಿಂತಿದೆ. ಆ ಬಾಯನ್ನೇ ಕಟ್ತೀರಲ್ರೀ!

'ಚೀತಾ ಓಡಲ್ವಾ' ಅಂತ ಇನ್ನೊಬ್ರು. ಓಡುತ್ತೆ, ಕೆಲವೇ ನೂರು ಮೀಟರ್. ಆಮೇಲೆ ಕೂತು ತೇಕುತ್ತೆ. ಅದರ ಬಾಯಿಗೆ ಯಾರೂ ಪಟ್ಟಿ ಕಟ್ಟಿಲ್ಲ. 'ನಮ್ಮದು ಮುಧೋಳ, ಗಟ್ಟಿ ತಳಿ' ಅಂತ ಮತ್ತೊಬ್ರು. ಗಟ್ಟಿ ತಳಿ ಅಂದ್ರೆ ಬಾಯಿ ಕಟ್ಬಹುದು ಅಂತಾನಾ? ಮೈಬಿಸಿ 41 ಡಿಗ್ರಿ ದಾಟಿದ್ರೆ ಯಾವ ತಳಿಗೂ ಅಪಾಯಾನೇ. ಕುಸಿದು ಬಿದ್ರೆ ತಕ್ಷಣ ನೆರಳಿಗೆ ಒಯ್ದು ಮೈಮೇಲೆ ನೀರು ಸುರೀರಿ, ಗಾಳಿ ಬೀಸ್ರಿ, ಪಶು ವೈದ್ಯರ ಹತ್ರ ಓಡ್ರಿ. ಮೊದಲು ಆ ಪಟ್ಟಿ ಬಿಚ್ರಿ!

ಚಾನೆಲ್ ಸಬ್‌ಸ್ಕ್ರೈಬ್ ಆಗಿ, ಆಗದಿದ್ರೂ ಪರವಾಗಿಲ್ಲ, ಇದನ್ನ ನಿಮ್ಮ ಓಣಿ ಗ್ರೂಪಿಗೆ ಹಾಕ್ರಿ. ನಾಯಿ ಇರೋ ಪ್ರತಿ ಮನೆಗೂ ಹೋಗ್ಲಿ. ಕಚ್ಚುತ್ತೆ ಅನ್ನೋ ಹೆದರಿಕೆ ಇದ್ರೆ ಬಾಯಿ ಪೂರ್ತಿ ತೆರೆಯೋಕೆ ಆಗೋ ಜಾಲರಿ ಕುಕ್ಕೆ ಸಿಗುತ್ತೆ, ಅದನ್ನ ಹಾಕ್ರಿ. ಬಿಸಿಲೇರೋ ಮುಂಚೆ ಓಡಿಸ್ರಿ. ಬಾಯಿ ಮಾತ್ರ ಕಟ್ಬೇಡ್ರಿ. ಕಟ್ಬೇಡ್ರಿ ಅಂದ್ರೆ ಕಟ್ಬೇಡ್ರಿ! ನಾಳೆ ಬೆಳಿಗ್ಗೆ ಕೆರೆ ಹತ್ರ ನಾನಿರ್ತೀನಿ. ಮೂತಿ ಬಿಗಿದ ನಾಯಿ ಕಂಡ್ರೆ ಮತ್ತೆ ಅಡ್ಡ ನಿಲ್ತೀನಿ.