ನಮ್ಮ ಮನೆ ತೆರಿಗೆ, ನಮ್ಮೆಲ್ಲರ ಆಸ್ಪತ್ರೆ

ನಮಸ್ಕಾರ ಎಲ್ಲರಿಗೂ. ಸಿಯಾಟಲ್ ಸುತ್ತಮುತ್ತ, ಅಂದರೆ ಕಿಂಗ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮೂರ ಜಿಲ್ಲೆಯ ಹಾಗೆ), ಸ್ವಂತ ಮನೆ ಇರುವವರಿಗೆ ಈ ಬಿಲ್ ಗೊತ್ತೇ ಇರುತ್ತದೆ. ಮನೆ ತೆರಿಗೆ. ಏಪ್ರಿಲ್ 30ರೊಳಗೆ ಅರ್ಧ, ಅಕ್ಟೋಬರ್ 31ರೊಳಗೆ ಇನ್ನರ್ಧ. ಎಷ್ಟೋ ಮನೆಗಳಲ್ಲಿ ಸಾಲದ ಕಂತಿನ ಜೊತೆಗೇ ಇದೂ ಹೋಗಿಬಿಡುತ್ತದೆ, ಯಾರೂ ಬಿಲ್ ತೆಗೆದು ನೋಡುವುದಿಲ್ಲ. ಇವತ್ತು ನೋಡೋಣ. ಶಾಲೆ, ಗ್ರಂಥಾಲಯ, ಬಂದರು, ತುರ್ತು ಆಂಬುಲೆನ್ಸ್. ಜೊತೆಗೆ, ಜನರೇ ವೋಟು ಹಾಕಿ ಒಪ್ಪಿಕೊಂಡ ಆಸ್ಪತ್ರೆ ಖರ್ಚು.

ಸಿಯಾಟಲ್‌ನ ಫಸ್ಟ್ ಹಿಲ್ ಮೇಲೆ 1931ರಿಂದ ನಿಂತಿರುವ ಹಾರ್ಬರ್‌ವ್ಯೂ ಆಸ್ಪತ್ರೆ ನಮ್ಮ ಕಿಂಗ್ ಕೌಂಟಿಯ ಆಸ್ತಿ. ಇನ್ಶೂರೆನ್ಸ್ ಇಲ್ಲದವರಿಗೆ, ಮನೆಮಠ ಇಲ್ಲದವರಿಗೆ ದಿಕ್ಕು ಅದೇ. ಐ-5 ಹೆದ್ದಾರಿಯಲ್ಲಿ ಕಾರು ನುಜ್ಜುಗುಜ್ಜಾದರೆ ದೊಡ್ಡ ಕಂಪನಿಯ ಇಂಜಿನಿಯರನ್ನು ಕರೆದೊಯ್ಯುವುದೂ ಅಲ್ಲಿಗೇ. ಅಲಾಸ್ಕಾದಿಂದಲೂ ಗಾಯಾಳುಗಳನ್ನು ಅಲ್ಲಿಗೆ ತರುತ್ತಾರೆ. 2020ರ ನವೆಂಬರ್‌ನಲ್ಲಿ ಅದನ್ನು ದೊಡ್ಡದು ಮಾಡಲು 174 ಕೋಟಿ ಡಾಲರ್ ಬಾಂಡ್, ಅಂದರೆ ಮನೆ ತೆರಿಗೆಯಿಂದ ತೀರಿಸುವ ಸಾಲ, ಜನರ ಮುಂದೆ ಬಂತು. ನೂರಕ್ಕೆ 60 ವೋಟು ಬೇಕಿತ್ತು, 75ಕ್ಕಿಂತ ಜಾಸ್ತಿ ಬಿತ್ತು.

2023ರ ಏಪ್ರಿಲ್ 25ರ ವೋಟು ಅಷ್ಟು ಸಲೀಸಾಗಿರಲಿಲ್ಲ. ಮನಸ್ಸು ಕೈಕೊಟ್ಟಾಗ ನೇರವಾಗಿ ಹೋಗಿ ಬಾಗಿಲು ತಟ್ಟಬಹುದಾದ ಐದು ಕೇಂದ್ರಗಳಿಗಾಗಿ ಹೊಸ ತೆರಿಗೆ ಕೇಳಿದ್ದರು, ಅದರಲ್ಲೊಂದು ಕೇಂದ್ರ ಎಳೆಯರಿಗೇ. ಒಂಬತ್ತು ವರ್ಷಕ್ಕೆ ಸುಮಾರು 125 ಕೋಟಿ ಡಾಲರ್. ಶುರುವಿನ ದರ, ಮನೆಯ ಬೆಲೆಯಲ್ಲಿ ಪ್ರತಿ ಸಾವಿರ ಡಾಲರಿಗೆ ಹದಿನಾಲ್ಕೂವರೆ ಸೆಂಟ್. ಹತ್ತು ಲಕ್ಷ ಡಾಲರ್ ಮನೆಗೆ ವರ್ಷಕ್ಕೆ 145 ಡಾಲರ್. ನೂರಕ್ಕೆ 57ರಷ್ಟು ಜನ ಹೂಂ ಅಂದರು.

ಬೇಡ ಅಂದವರನ್ನು ನಾನು ಬೈಯುವುದಿಲ್ಲ. ಪಿಂಚಣಿಯಲ್ಲಿ ಬದುಕುವ ಅಜ್ಜ-ಅಜ್ಜಿಯರಿಗೆ ಮನೆ ಬೆಲೆ ಏರಿದರೆ ಕೈಗೆ ದುಡ್ಡೇನೂ ಬರುವುದಿಲ್ಲ, ಬಿಲ್ ಮಾತ್ರ ಬರುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ ಹೆಚ್ಚಿನವರ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ, ಹಾಗಾಗಿ ಮನೆ ತೆರಿಗೆಯಂಥವನ್ನೇ ನೆಚ್ಚಬೇಕು. ಕೌಂಟಿ ತನ್ನ ಮಾಮೂಲಿ ಮನೆ ತೆರಿಗೆ ವಸೂಲಿಯನ್ನು ವರ್ಷಕ್ಕೆ ನೂರಕ್ಕೆ ಒಂದಕ್ಕಿಂತ ಜಾಸ್ತಿ ಏರಿಸುವಂತಿಲ್ಲ, ಹೊಸ ಕಟ್ಟಡಗಳದ್ದು ಬೇರೆ ಲೆಕ್ಕ. ಖರ್ಚು ಅದಕ್ಕಿಂತ ಜೋರಾಗಿ ಏರುತ್ತದೆ. ಅದಕ್ಕೇ ಮತ್ತೆ ಮತ್ತೆ ಜನರ ಹತ್ತಿರ ಬರುತ್ತಾರೆ.

ಆದರೂ ಈ ಕೇಂದ್ರಗಳು ಬೇಕಿತ್ತು. ನಮ್ಮ ಕನ್ನಡದ ಮನೆಗಳಲ್ಲಿ ಶುಗರ್, ಬಿಪಿ ಬಗ್ಗೆ ಊಟದ ಹೊತ್ತಲ್ಲೇ ಮಾತಾಡುತ್ತೇವೆ. ಮಗ ವಾರಗಟ್ಟಲೆ ರೂಮಿನಿಂದ ಹೊರಗೆ ಬರದಿದ್ದರೆ ಮಾತ್ರ "ಓದಿನ ಟೆನ್ಶನ್" ಅಂತ ಮುಚ್ಚಿಡುತ್ತೇವೆ, ಅಲ್ವಾ? ಅಂಥ ಮಗನನ್ನು ರಾತ್ರಿ ಹನ್ನೊಂದಕ್ಕೆ ಎಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನುವ ಪ್ರಶ್ನೆಗೆ ಒಂದು ವಿಳಾಸ ಇರಬೇಕು.

ಇನ್ನೊಂದು ಮಾತು. ವೀಸಾದಲ್ಲಿರುವವರು, ಗ್ರೀನ್ ಕಾರ್ಡ್ ಇರುವವರು ಈ ತೆರಿಗೆ ಪೂರ್ತಿ ಕಟ್ಟುತ್ತಾರೆ, ಆದರೆ ಇಂಥ ವೋಟು ಹಾಕುವಂತಿಲ್ಲ. ಹಾಗಾಗಿ ಸಿಟಿಜನ್ ಆದವರಲ್ಲಿ ನನ್ನದೊಂದು ವಿನಂತಿ. ಬ್ಯಾಲೆಟ್ ಅಂಚೆಯಲ್ಲೇ ಮನೆಗೆ ಬರುತ್ತದೆ, ವಾಪಸ್ ಕಳಿಸಲು ಸ್ಟಾಂಪೂ ಬೇಡ. ಲಕೋಟೆ ಮೇಲೆ ಸಹಿ ಮರೆಯಬೇಡಿ. ವೋಟಿಲ್ಲದವರೂ ಸುಮ್ನೆ ಕೂರಬೇಕಿಲ್ಲ. ಆ ಐದು ಕೇಂದ್ರಗಳ ಕೆಲಸ ಎಲ್ಲಿಗೆ ಬಂತು ಅಂತ ನಿಮ್ಮ ಕೌಂಟಿ ಕೌನ್ಸಿಲ್ ಸದಸ್ಯರಿಗೆ ಇಮೇಲ್ ಮಾಡಿ ಕೇಳಿ. ದುಡ್ಡು ನಿಮ್ಮದೂ ಹೌದು.