ಗೋಡೆ ಊರಿನದು, ಕಥೆಯೂ ಊರಿನದೇ

ಕೇಳುಗರಿಗೆಲ್ಲ ಶರಣು.

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ಓಡಾಡುವಾಗ ಶಾಲೆ ಗೋಡೆ, ಕಚೇರಿ ಕಂಪೌಂಡು ನೋಡಿರುತ್ತೀರಿ. ಬಹಳ ಕಡೆ ಒಂದೇ ಥರದ ಚಿತ್ರ. ಕೆಮ್ಮಣ್ಣಿನ ಬಣ್ಣ, ಅದರ ಮೇಲೆ ಬಿಳಿ ಗೆರೆಯ ಕಡ್ಡಿ ಮನುಷ್ಯರು ಸುತ್ತುಗಟ್ಟಿ ಕುಣಿಯುತ್ತಿರುತ್ತಾರೆ. ವರ್ಲಿ ಚಿತ್ರ. ಚಂದದ ಕಲೆ, ಎರಡು ಮಾತಿಲ್ಲ. ಆದರೆ ಅದು ಮಹಾರಾಷ್ಟ್ರದ ಠಾಣೆ, ಪಾಲ್ಘರ್ ಕಡೆಯ ಆದಿವಾಸಿಗಳದು. ಅವರ ಕುಣಿತ ಭೀಮಾ ದಂಡೆಯ ಗೋಡೆಗೆ ಯಾಕೆ ಬಂತು? ಬಿಡಿಸುವುದು ಸುಲಭ, ಬೇಗ ಮುಗಿಯುತ್ತದೆ, ಬಿಲ್ಲೂ ಬೇಗ ಪಾಸಾಗುತ್ತದೆ. ಇದು ನನ್ನ ಗುಮಾನಿ ಅಷ್ಟೇ.

ನಾವು ಕೆಲವು ಚಿತ್ರಕಲಾ ಶಿಕ್ಷಕರು, ವಿದ್ಯಾರ್ಥಿಗಳು ಸೇರಿ ಒಂದು ಟಂಟಂನಲ್ಲಿ ಬಣ್ಣದ ಡಬ್ಬಿ, ಏಣಿ ಹಾಕಿಕೊಂಡು ಊರೂರು ತಿರುಗುತ್ತೇವೆ. ಊರಿನವರು ಹೇಳಿದ ಕಥೆಯನ್ನು ಊರಿನವರ ಜೊತೆ ಕೂಡಿಯೇ ಗೋಡೆ ಮೇಲೆ ಬಿಡಿಸುವುದು, ಇಷ್ಟೇ ಕೆಲಸ. ಹೊಸದೇನೂ ಅಲ್ಲ. ಹಗಲುವೇಷದವರು ಹಾರ್ಮೋನಿಯಂ ಹಿಡಿದು, ರಾಮ ರಾವಣರ ವೇಷದಲ್ಲಿ ನಮ್ಮ ಓಣಿಗಳಿಗೆ ಬರುತ್ತಿದ್ದರಲ್ವಾ? ಕಿಳ್ಳೇಕ್ಯಾತರು ತೊಗಲುಗೊಂಬೆ ಹೊತ್ತು ಊರೂರು ತಿರುಗಲಿಲ್ವಾ? ಕಲಬುರಗಿಯಲ್ಲೇ ಹುಟ್ಟಿದ ಎಸ್.ಎಂ. ಪಂಡಿತರ ದೇವರ ಚಿತ್ರಗಳಂತೂ ಕ್ಯಾಲೆಂಡರ್ ಹತ್ತಿ ದೇಶವನ್ನೇ ಸುತ್ತಿದವು.

ಭೀಮಾ ದಂಡೆಯ ಒಂದು ಊರಿನ ವಿಷಯ ಹೇಳುತ್ತೇನೆ. ಹನುಮಂತ ದೇವರ ಗುಡಿ ಎದುರಿಗೆ ಒಂದು ಉದ್ದನೆಯ ಗೋಡೆ. ಏನು ಬಿಡಿಸೋಣ ಅಂತ ಕೇಳಿದೆವು. ಹುಡುಗರು ಅಪ್ಪು ಚಿತ್ರ ಬೇಕೆಂದರು. ಹಿರಿಯರು ಬಸವಣ್ಣನವರದು ಇರಲಿ ಎಂದರು. ಮಾತು ಜಾಸ್ತಿ ಆಯಿತು. ಅಷ್ಟರಲ್ಲಿ ಕಟ್ಟೆ ಮೇಲೆ ಕುಂತು ತೊಗರಿಬೇಳೆ ಹಸನು ಮಾಡುತ್ತಿದ್ದ ಆಯಿಯೊಬ್ಬರು, ಮೊರ ಕೆಳಗಿಡದೇ, "ಹೊಳಿ ಬಂದಿದ್ದು ತೆಗೀರಿ" ಎಂದರು.

2020ರ ಅಕ್ಟೋಬರ್ ನೆನಪಿದೆಯಲ್ಲ? ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರು, ಇಲ್ಲಿ ಮಳೆಯೂ ಹಿಡಿದಿತ್ತು. ಭೀಮಾ ಉಕ್ಕಿ ಕಲಬುರಗಿ, ಯಾದಗಿರಿಯ ಎಷ್ಟೋ ಊರುಗಳಿಗೆ ನುಗ್ಗಿತು. ಆ ರಾತ್ರಿ ಆಯಿ ಮೊದಲು ಎತ್ತಿಟ್ಟಿದ್ದು ರೊಟ್ಟಿ ಬುಟ್ಟಿ, ಆಮೇಲೆ ಕೌದಿ. ಟ್ರಂಕು ತೇಲಿ ಹೋಯಿತು. ಕೋಳಿಗಳು ಪತ್ರಾಸಿನ ಮೇಲೆ ಕುಂತು ಬೆಳಗು ಮಾಡಿದವು. ಆಯಿ ಹೇಳುತ್ತಾ ಹೋದಂತೆ ಒಬ್ಬೊಬ್ಬರೇ ಬಂದು ತಮ್ಮದನ್ನೂ ಸೇರಿಸಿದರು.

ಆಮೇಲೆ ನೀರು ಎಲ್ಲಿಯ ತನಕ ಬಂದಿತ್ತು ಅನ್ನುವ ಜಗಳ. ಒಬ್ಬರು ಗೋಡೆಗೆ ಎದೆಮಟ್ಟಕ್ಕೆ ಕೈ ಇಟ್ಟರು. ಇನ್ನೊಬ್ಬರು, "ಏ, ಹೋಗೋ ಮಾರಾಯ, ಇಲ್ಲೀಮಟ" ಅಂತ ಒಂದು ಗೇಣು ಮೇಲೆ ತೋರಿಸಿದರು. ಸುಣ್ಣ ಕೆರೆದು ನೋಡಿದಾಗ ಒಳಗೆ ಹಳೆಯ ರಾಡಿಯ ಗೆರೆ ಸಿಕ್ಕಿತು. ಇಬ್ಬರ ಕೈಗೂ ನಡುವೆ! ಆ ಗೆರೆಯನ್ನೇ ಹಿಡಿದು ಕೆಳಗೆಲ್ಲ ರಾಡಿ ನೀರಿನ ಬಣ್ಣ ಬಳಿದೆವು. ಮೇಲೆ ಜನ, ಕೋಳಿ, ರೊಟ್ಟಿ ಬುಟ್ಟಿ. ಹುಡುಗರಿಗೂ ನಿರಾಸೆ ಮಾಡಲಿಲ್ಲ. ಪಾನ್ ಅಂಗಡಿಯ ಶಟರ್ ಮೇಲೆ ಅಪ್ಪು ನಗುತ್ತಿದ್ದಾರೆ. ಹಿರಿಯರನ್ನು ಒಪ್ಪಿಸಲು ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.

ಕಥೆ ಹೇಳಿದವರ ಹೆಸರನ್ನು ಗೋಡೆಯ ಮೂಲೆಯಲ್ಲಿ ಬರೆಯಲೇಬೇಕು. ನಮ್ಮ ಗುಂಪಿನಲ್ಲಿ ಇದೊಂದು ಕಟ್ಟಳೆ. ಆಯಿ ಒಪ್ಪಲಿಲ್ಲ. "ನನ್ನ ಹೆಸರು ಗ್ವಾಡಿ ಮ್ಯಾಲ ಯಾಕ್ರೀ ಯಪ್ಪಾ, ನಾನೇನ್ ಸಾಹುಕಾರ್ತಿ ಏನು?" ಎಂದರು. ಆಗ ಅವರಿಗೆ ಸನ್ನತಿಯ ವಿಷಯ ಹೇಳಿದೆವು. ಚಿತ್ತಾಪುರ ತಾಲ್ಲೂಕಿನ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ, ಇದೇ ಭೀಮಾ ದಂಡೆಯ ಮೇಲೆ, ಎರಡು ಸಾವಿರ ವರ್ಷದಷ್ಟು ಹಳೆಯ ಬೌದ್ಧ ಸ್ತೂಪ ಸಿಕ್ಕಿದೆ. ಅದರ ಕಲ್ಲಿನ ಫಲಕಗಳ ತುಂಬ ಬುದ್ಧನ ಕಥೆ, ಅವನ ಹಿಂದಿನ ಜನ್ಮಗಳ ಜಾತಕ ಕಥೆ. ಅಶೋಕ ಚಕ್ರವರ್ತಿ ರಾಣಿಯ ಜೊತೆ ನಿಂತಿದ್ದಾನೆ. ಅವನೇ ಅಂತ ಗೊತ್ತಾಗಿದ್ದು ಅಲ್ಲಿ ‘ರಾಯ ಅಸೋಕ’ ಎಂದು ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿರುವುದರಿಂದ. ಅಲ್ಲಿ ಹೆಸರು ಇರುವುದು ರಾಜನದು ಮಾತ್ರ ಅಲ್ಲ. ಕಲ್ಲು ಮಾಡಿಸಿಕೊಟ್ಟ ದಾನಿಗಳ ಹೆಸರುಗಳೂ ಇವೆ. ಆಯಿ ಎಲ್ಲ ಕೇಳಿ, "ಹಂಗಾದ್ರ ನನ್ನ ಮಗಳ ಹೆಸರೂ ಬರೀರಿ, ಬುಟ್ಟಿ ಹೊತ್ತಾಕಿ ಆಕಿ" ಎಂದರು. ಬರೆದೆವು.

ಸುಮ್ನೆ ಹೊಗಳಿಕೊಳ್ಳುವುದಲ್ಲ, ತೊಂದರೆಗಳೂ ಇವೆ. ಉಪ್ಪು ಹಿಡಿದ ಗೋಡೆಗೆ ಪ್ರೈಮರ್ ಹಚ್ಚಿದರೂ ಬಣ್ಣ ಹಪ್ಪಳದ ಹಾಗೆ ಏಳುತ್ತದೆ. ಚುನಾವಣೆ ಬಂದರೆ ಚಿತ್ರದ ಮೇಲೇ ಪೋಸ್ಟರ್ ಅಂಟುತ್ತದೆ. ಅದಕ್ಕೇ ಈಗ ಮಿಕ್ಕ ಬಣ್ಣ, ಬ್ರಷ್ಷು ಊರಿನ ಶಾಲೆಯಲ್ಲೇ ಬಿಟ್ಟು ಬರುತ್ತೇವೆ. ತೇಪೆ ಹಾಕುವುದು ಮಕ್ಕಳ ಕೆಲಸ. ಅವರ ಕೈಯಲ್ಲಿ ಕೋಳಿಗಳ ಸಂಖ್ಯೆ ಹೆಚ್ಚುತ್ತಲೇ ಇದೆ ಅನ್ನುವ ಸುದ್ದಿ ಬಂದಿದೆ.

ಮುಂದಿನ ತಿರುಗಾಟ ಸುರಪುರದ ಕಡೆ. ನಾಯಕ ಅರಸರ ಕಾಲದಲ್ಲಿ ಗರುಡಾದ್ರಿ ಮನೆತನದವರು ಬಂಗಾರ ಬಳಸಿ ಸಣ್ಣ ಸಣ್ಣ ಚಿತ್ರ ಬರೆದ ಊರು ಅದು. ಕೂದಲೆಳೆಯ ಆ ಗೆರೆಯನ್ನು ಗೋಡೆಯಷ್ಟು ದೊಡ್ಡದು ಮಾಡಿದರೆ ಉಳಿಯುತ್ತದೋ ಇಲ್ಲವೋ ಅನ್ನುವ ವಾದ ನಮ್ಮೊಳಗೆ ಇನ್ನೂ ನಡೆದಿದೆ. ನನಗಂತೂ ಅನುಮಾನವೇ.

ತೊಗರಿ ರಾಶಿ ಮುಗಿಯಬೇಕು, ಬಿಸಿಲು ಏರಿರಬಾರದು. ಆ ಹೊತ್ತಿಗೆ ಹೊರಡುತ್ತೇವೆ. ದಾರಿಯಲ್ಲಿ ನಿಮ್ಮ ಊರು ಬಂದರೆ ಊಟದ ಚಿಂತೆ ಮಾಡಬೇಡಿ, ಬುತ್ತಿ ಕಟ್ಟಿಕೊಂಡೇ ಬರುತ್ತೇವೆ. ಗೋಡೆ ಯಾರದು, ಅವರ ಒಪ್ಪಿಗೆ ಇದೆಯಾ ಅನ್ನುವುದನ್ನು ಮಾತ್ರ ಮೊದಲೇ ಕೇಳಿಟ್ಟಿರಿ.

ನಮಸ್ಕಾರ.